ಪ್ಯಾನಿಕ್ ಡಿಸಾರ್ಡರ್: ಸೆರೊಟೋನಿನ್ ಮತ್ತು ಹಾರ್ಮೋನುಗಳ ಪಾತ್ರವೇನು?

ಸುಮ್ನೆ ಕೂತಿರುವಾಗ ಎದೆ ಡವಡವ ಹೊಡೆದುಕೊಳ್ಳುತ್ತದೆ. ಉಸಿರು ಕಟ್ಟಿದ ಹಾಗಾಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ, ಈಗಲೇ ಜೀವ ಹೋಗುತ್ತದೆ ಅನಿಸುತ್ತದೆ. ಕೆಲವೇ ನಿಮಿಷಗಳಲ್ಲಿ ತಾರಕಕ್ಕೇರಿ ಆಮೇಲೆ ಇಳಿಯುತ್ತದೆ. ಇದು ಪ್ಯಾನಿಕ್ ಅಟ್ಯಾಕ್. ಕಾರಣವಿಲ್ಲದೆ ಇದು ಮತ್ತೆ ಮತ್ತೆ ಬಂದು, ಮುಂದಿನದು ಯಾವಾಗಲೋ ಎಂಬ ಭಯ ತಿಂಗಳಾದರೂ ಬಿಡದಿದ್ದರೆ ಅದು ಪ್ಯಾನಿಕ್ ಡಿಸಾರ್ಡರ್. 1980ರಲ್ಲಿ ಅಮೆರಿಕದ ಮನೋವೈದ್ಯರ ಡಿಎಸ್‌ಎಂ-3 ಕೈಪಿಡಿ ಇದನ್ನು ಪ್ರತ್ಯೇಕ ಕಾಯಿಲೆ ಎಂದು ಗುರುತಿಸಿತು.

'ಸೆರೊಟೋನಿನ್ ಕಡಿಮೆಯಾಗಿದೆ, ಅದಕ್ಕೇ ಹೀಗೆ' ಎಂಬ ಮಾತು ನೀವೂ ಕೇಳಿರುತ್ತೀರಿ. ಸೆರೊಟೋನಿನ್ ಎಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ. ಆದರೆ ಆ ಮಾತು ಅರ್ಧ ಕಥೆ ಅಷ್ಟೇ. ದೇಹದ ಸೆರೊಟೋನಿನ್‌ನಲ್ಲಿ ಸುಮಾರು 90% ಇರುವುದು ಕರುಳಿನಲ್ಲಿ. ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಹಾಗಾಗಿ ರಕ್ತದಲ್ಲಿ ಸೆರೊಟೋನಿನ್ ಅಳೆದು ಈ ಕಾಯಿಲೆ ಪತ್ತೆಮಾಡಲು ಬರುವುದಿಲ್ಲ.

ಮಿದುಳು ತನಗೆ ಬೇಕಾದದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ, ಮುಖ್ಯವಾಗಿ ಮಿದುಳಕಾಂಡದ ರಾಫೆ ಎಂಬ ಜಾಗದಲ್ಲಿ. ಅಲ್ಲಿಂದ ಹೊರಟ ನರಗಳು ಬೇರೆಬೇರೆ ಕಡೆ ಹೋಗುತ್ತವೆ, ಹೋದ ಕಡೆ ಬೇರೆಬೇರೆ ಕೆಲಸ ಮಾಡುತ್ತವೆ. 1991ರಲ್ಲಿ ಸಂಶೋಧಕರಾದ ಡೀಕಿನ್ ಮತ್ತು ಗ್ರೇಫ್ ಮುಂದಿಟ್ಟ ವಾದ ಇದು: ಭಯಕ್ಕೆ ಸಂಬಂಧಿಸಿದ ಮಿದುಳಿನ ಭಾಗವಾದ ಅಮಿಗ್ಡಲಾದಲ್ಲಿ ಸೆರೊಟೋನಿನ್ 'ಏನಾಗುತ್ತದೋ' ಎಂಬ ಆತಂಕವನ್ನು ಹೆಚ್ಚಿಸುತ್ತದೆ. ಆದರೆ ನಡುಮಿದುಳಿನಲ್ಲಿ, 'ಓಡು, ತಪ್ಪಿಸಿಕೋ' ಎನ್ನುವ ಕೇಂದ್ರವನ್ನು ಅದೇ ಸೆರೊಟೋನಿನ್ ಹಿಡಿದು ನಿಲ್ಲಿಸುತ್ತದೆ. ಒಂದೇ ರಾಸಾಯನಿಕ, ಎರಡು ಎದುರುಬದುರು ಕೆಲಸ! ಮಿದುಳಿನಲ್ಲಿ ಸೆರೊಟೋನಿನ್ ಹೆಚ್ಚು ಸಿಗುವಂತೆ ಮಾಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ ಶುರುಮಾಡಿದ ಮೊದಲ ದಿನಗಳಲ್ಲಿ ಕೆಲವರಿಗೆ ಚಡಪಡಿಕೆ ಜಾಸ್ತಿಯಾಗುತ್ತದೆ, ಗುಣ ಕಾಣಲು ವಾರಗಳೇ ಬೇಕು. ಬರೀ ಕೊರತೆಯ ಪ್ರಶ್ನೆಯಾಗಿದ್ದರೆ ಹೀಗಾಗಬಾರದಿತ್ತು, ಅಲ್ವಾ? ವೈದ್ಯರು ಕಡಿಮೆ ಡೋಸ್‌ನಿಂದ ಶುರುಮಾಡುವುದು ಈ ಚಡಪಡಿಕೆಯ ಕಾರಣಕ್ಕೇ.

ಇನ್ನು ಹಾರ್ಮೋನು. ಜೀವಂತ ಮನುಷ್ಯನ ಮಿದುಳಿನ ಸೆರೊಟೋನಿನ್ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಯಲು ಸಂಶೋಧಕರು ಒಂದು ಅಡ್ಡದಾರಿ ಹಿಡಿದರು. ಸೆರೊಟೋನಿನ್ ಬಿಡುಗಡೆ ಮಾಡಿಸುವ ಫೆನ್‌ಫ್ಲುರಮಿನ್‌ನಂಥ ಔಷಧ ಕೊಟ್ಟು, ಸೆರೊಟೋನಿನ್ ಪ್ರಭಾವದಿಂದ ಹೆಚ್ಚುವ ಪ್ರೊಲ್ಯಾಕ್ಟಿನ್ ಮತ್ತು ಕಾರ್ಟಿಸಾಲ್ ಹಾರ್ಮೋನುಗಳು ರಕ್ತದಲ್ಲಿ ಎಷ್ಟು ಏರಿದವು ಎಂದು ನೋಡಿದರು. ಇಂಥ ಪ್ರಯೋಗಗಳ ಫಲಿತಾಂಶ ಒಂದಕ್ಕೊಂದು ಪೂರ್ತಿ ತಾಳೆಯಾಗಲಿಲ್ಲ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಇನ್ನೊಂದು ಸಂಗತಿ. ಪ್ರಯೋಗಾಲಯದಲ್ಲಿ ರಕ್ತನಾಳಕ್ಕೆ ಲ್ಯಾಕ್ಟೇಟ್ (ಸ್ನಾಯುಗಳು ದುಡಿದಾಗ ದೇಹದಲ್ಲಿ ಉಂಟಾಗುವ ವಸ್ತು) ಹರಿಸಿದರೆ ಈ ಕಾಯಿಲೆ ಇರುವ ಹಲವರಿಗೆ ಅಟ್ಯಾಕ್ ಬರುತ್ತದೆ. ಅಷ್ಟು ಭಯಪಟ್ಟ ಮೇಲೆ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಜಿಗಿಯಬೇಕಲ್ಲ? ಸಾಮಾನ್ಯವಾಗಿ ಅದು ಹೆಚ್ಚೇನೂ ಏರುವುದಿಲ್ಲ. ಅಂದರೆ ಪ್ಯಾನಿಕ್ ಎನ್ನುವುದು ಮಾಮೂಲಿ ಒತ್ತಡದ ದೊಡ್ಡ ರೂಪವಲ್ಲ, ಅದರ ದಾರಿಯೇ ಬೇರೆ ಇರಬಹುದು.

ಅಂದಹಾಗೆ, ಕ್ಲಿನಿಕ್‌ನಲ್ಲಿ ವೈದ್ಯರು ಬರೆಸುವ ಹಾರ್ಮೋನ್ ಪರೀಕ್ಷೆ ಸಾಮಾನ್ಯವಾಗಿ ಥೈರಾಯ್ಡ್‌ನದು. ಅದು ಜಾಸ್ತಿಯಾದಾಗಲೂ ಲಕ್ಷಣಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ, ಆದರೆ ಚಿಕಿತ್ಸೆ ಪೂರ್ತಿ ಬೇರೆ.