ಬಾಲದಿಂದ ಹೊಳೆ ಅಗೆಯುವ ಮೀನು

ಮೊಟ್ಟೆಯಿಡಲು ಬಂದ ಹೆಣ್ಣು ಸಾಲ್ಮನ್ ಹೊಳೆಯ ತಳದಲ್ಲಿ ಸಟ್ಟನೆ ಮಗ್ಗುಲಿಗೆ ಹೊರಳುತ್ತದೆ. ಮೈಯನ್ನು ಬಿಲ್ಲಿನಂತೆ ಬಗ್ಗಿಸಿ ನಾಲ್ಕಾರು ಸಲ ಬಾಲ ಬಡಿಯುತ್ತದೆ. ಬಾಲದಿಂದಲೇ ಕಲ್ಲು ಗೋರಿದಂತೆ ಕಂಡರೂ ಹೆಚ್ಚಿನ ಕೆಲಸ ನೀರಿನದು. ಬಾಲ ರಪ್ಪನೆ ಮೇಲೆದ್ದಾಗ ಅದರ ಕೆಳಗೆ ಹುಟ್ಟುವ ಸೆಳೆತಕ್ಕೆ ಕಲ್ಲುಗಳು ತಳ ಬಿಟ್ಟು ಏಳುತ್ತವೆ. ಎದ್ದದ್ದನ್ನು ಹರಿವು ಎತ್ತಿಕೊಳ್ಳುತ್ತದೆ. ದಪ್ಪ ಕಲ್ಲು ಅಲ್ಲೇ ಸ್ವಲ್ಪ ಮುಂದೆ ಬೀಳುತ್ತದೆ, ಮರಳು ಇನ್ನಷ್ಟು ದೂರ ಹೋಗುತ್ತದೆ, ಹೂಳು ಹೊಗೆಯ ಹಾಗೆ ಎದ್ದು ಹೊಳೆಯ ಪಾಲಾಗುತ್ತದೆ. ಕಣದಲ್ಲಿ ಕಾಳು ತೂರುವಾಗ ಗಾಳಿ ಮಾಡುವ ಕೆಲಸವನ್ನೇ ಇಲ್ಲಿ ನೀರು ಮಾಡುತ್ತದೆ.

ಹೀಗೆ ತೋಡಿದ ಗುಂಡಿಯಲ್ಲಿ ಹೆಣ್ಣು ಮೊಟ್ಟೆಯಿಡುತ್ತದೆ, ಗಂಡು ಅದರ ಮೇಲೆ ವೀರ್ಯ ಬಿಡುತ್ತದೆ. ಕೂಡಲೇ ಹೆಣ್ಣು ಹರಿವಿಗೆ ಎದುರಾಗಿ ತುಸು ಮೇಲಕ್ಕೆ ಸರಿದು ಇನ್ನೊಂದು ಗುಂಡಿ ತೋಡತೊಡಗುತ್ತದೆ. ಎರಡನೆಯದರ ಕಲ್ಲು ಮೊದಲನೆಯದನ್ನು ಮುಚ್ಚುತ್ತದೆ. ಇಂಥ ಕೆಲವು ಗುಂಡಿಗಳೂ ಅವುಗಳ ಮೇಲಿನ ಕಲ್ಲುಗುಡ್ಡೆಯೂ ಸೇರಿದರೆ ಒಂದು ಗೂಡು. ವಿಜ್ಞಾನಿಗಳು ಅದನ್ನು 'ರೆಡ್' ಎನ್ನುತ್ತಾರೆ. ಮೀನು ಉದ್ದವಾದಷ್ಟೂ ಹೆಚ್ಚು ದಪ್ಪ ಕಲ್ಲನ್ನು ಅದು ಕದಲಿಸಬಲ್ಲದು. ತಳದ ಕಲ್ಲುಗಳ ನಡುಗಾತ್ರ ಮೀನಿನ ಉದ್ದದ ಹತ್ತನೇ ಒಂದು ಭಾಗದಷ್ಟಿರುವವರೆಗೂ ಗೂಡು ಕಟ್ಟಬಹುದು ಎಂಬುದು ಒಂದು ಅಂದಾಜು. 80 ಸೆಂಟಿಮೀಟರ್ ಮೀನಿಗೆ 8 ಸೆಂಟಿಮೀಟರಿನ ಕಲ್ಲು, ಅಂದರೆ ಮುಷ್ಟಿಯಷ್ಟು.

ಮೊಟ್ಟೆಗಳು ಸಾಮಾನ್ಯವಾಗಿ ಒಂದು ಗೇಣು ಆಳದಲ್ಲಿ, ಕೆಲವೊಮ್ಮೆ ಅದಕ್ಕೂ ಕೆಳಗೆ, ಚಳಿಗಾಲವಿಡೀ ಕತ್ತಲಲ್ಲಿ ಬಿದ್ದಿರುತ್ತವೆ. ಅವು ಉಸಿರಾಡುವುದು ಕಲ್ಲುಸಂದಿಯಲ್ಲಿ ಹರಿದುಬರುವ ನೀರಿನಿಂದ. ಗುಡ್ಡೆಯ ಆಕಾರ ಇದಕ್ಕೆ ಅನುಕೂಲ: ಮುಂಬದಿಯಲ್ಲಿ ಹರಿವು ಒತ್ತಿ ಒಳನುಗ್ಗುತ್ತದೆ, ಹಿಂಬದಿಯಲ್ಲಿ ಹೊರಬರುತ್ತದೆ. ಸಂದಿಗಳಲ್ಲಿ ಹೂಳು ಕೂತರೆ ಈ ದಾರಿ ಕಟ್ಟಿತು. ಆಮ್ಲಜನಕ ಒಳಬರುವುದಿಲ್ಲ, ಮೊಟ್ಟೆ ಹೊರಹಾಕುವ ಕಸ ಆಚೆ ಹೋಗುವುದಿಲ್ಲ. ಮರಳಿನ ಕಾಟ ಬೇರೆ ಬಗೆಯದು. ಅದು ಗೂಡಿನ ಮೇಲ್ಪದರದಲ್ಲಿ ಸಿಕ್ಕಿಕೊಂಡು ಮುಚ್ಚಳವಾಗುತ್ತದೆ. ಕೆಳಗೆ ಮರಿ ಒಡೆದು, ಬೆಳೆದು, ಹೊರಡುವ ಹೊತ್ತಿಗೆ ಬಾಗಿಲೇ ಇರುವುದಿಲ್ಲ. ಒಂದು ಮಿಲಿಮೀಟರಿಗಿಂತ ಸಣ್ಣ ಕಣಗಳು ತಳದ ತೂಕದಲ್ಲಿ ಸುಮಾರು 12ರಿಂದ 14 ಶೇಕಡಾ ಆದರೆ ಅರ್ಧದಷ್ಟು ಮರಿಗಳು ಹೊರಬರಲಾರವು ಎಂಬ ಲೆಕ್ಕವನ್ನು ಈ ಕ್ಷೇತ್ರದವರು ಬಳಸುತ್ತಾರೆ. ತಾಯಿ ತೂರಿ ಹಸನು ಮಾಡಿಟ್ಟ ಜಾಗಕ್ಕೆ ಚಳಿಗಾಲದ ಪ್ರತಿ ಕೆಂಪು ನೀರೂ ಮತ್ತೆ ಒಂದಿಷ್ಟು ಹೂಳು ತಂದಿಡುತ್ತದೆ.

ಹಾಗಾದರೆ ಕಲ್ಲು ಕದಲದೆ, ನೀರು ತಿಳಿಯಾಗಿದ್ದರೆ ಸಾಕೇ? ಸಾಲದು. ಹೊಳೆಯ ತಳ ವರ್ಷದ ಬಹುಪಾಲು ದಿನ ಅಲುಗದೆ ಬಿದ್ದಿರುತ್ತದೆ. ಮೇಲೆ ದಪ್ಪ ಕಲ್ಲುಗಳ ಒಂದು ಹೊದಿಕೆ, ಅದರಡಿ ಸಣ್ಣವು. ತಳವನ್ನು ತೀಡುವ ನೀರಿನ ಬಲ, ಕಲ್ಲಿನ ತೂಕಕ್ಕೆ ಹೋಲಿಸಿದಾಗ, ಒಂದು ಮಿತಿ ಮೀರಿದರೆ ಮಾತ್ರ ಅದು ಕದಲುತ್ತದೆ. ಆ ಮಿತಿಯನ್ನು 1936ರಲ್ಲಿ ಬರ್ಲಿನ್‌ನಲ್ಲಿ ಆಲ್ಬರ್ಟ್ ಶೀಲ್ಡ್ಸ್ ಲೆಕ್ಕಕ್ಕೆ ಇಳಿಸಿದ. ಇಂದಿಗೂ ನದಿ ಎಂಜಿನಿಯರುಗಳು ಅವನ ಹೆಸರು ಹೇಳದೆ ಲೆಕ್ಕ ಶುರುಮಾಡುವುದು ಕಡಿಮೆ. ಮಿತಿ ದಾಟಿಸುವ ನೆರೆ ಬಂದರೆ ಹೊದಿಕೆ ಒಡೆಯುತ್ತದೆ, ಒಳಗಿನ ಹೂಳು ತೊಳೆದುಹೋಗುತ್ತದೆ. ಹೊಳೆಗೆ ಅದು ಸ್ನಾನ. ಆದರೆ ಮೊಟ್ಟೆ ಒಳಗಿರುವಾಗಲೇ ಆ ಸ್ನಾನವಾದರೆ ಮೊಟ್ಟೆಯೂ ಕೊಚ್ಚಿಹೋಗುತ್ತದೆ.

ನೆರೆ ಎಷ್ಟು ಆಳ ಕೊರೆಯಿತು ಎಂದು ತಿಳಿಯುವ ಉಪಾಯ ನನಗೆ ಬಲು ಇಷ್ಟ. ಒಂದು ಕಬ್ಬಿಣದ ಸರಪಳಿಯನ್ನು ತಳದೊಳಗೆ ನೆಟ್ಟಗೆ ಹೂತಿಡುತ್ತಾರೆ. ಕಲ್ಲು ಕೊಚ್ಚಿಹೋದಷ್ಟು ಸರಪಳಿ ಬಯಲಾಗಿ ಮಗ್ಗುಲಿಗೆ ಮಲಗುತ್ತದೆ. ನೆರೆ ಇಳಿಯುವಾಗ ಅದರ ಮೇಲೆ ಹೊಸ ಕಲ್ಲು ಕೂರುತ್ತದೆ. ಆಮೇಲೆ ಅಗೆದು ನೋಡಿದರೆ ಸರಪಳಿ ಎಲ್ಲಿ ಬಗ್ಗಿದೆಯೋ ಅಲ್ಲಿಯವರೆಗೆ ಕೊರೆತ. ಮೇಲಿನಿಂದ ನೋಡಿದವರಿಗೆ ತಳ ಮೊದಲಿನಂತೆಯೇ ಇದೆ ಅನ್ನಿಸಿರುತ್ತದೆ! ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೆನಡಿ ಕ್ರೀಕ್ ಎಂಬ ತೊರೆಯಲ್ಲಿ ಚಮ್ ಜಾತಿಯ ಸಾಲ್ಮನ್ ಮೊಟ್ಟೆಯಿಡುವ ಆಳವನ್ನೂ ನೆರೆಯ ಕೊರೆತವನ್ನೂ ಹೋಲಿಸಿದ 1996ರ ಅಧ್ಯಯನದ ಪ್ರಕಾರ, ಮೊಟ್ಟೆಗಳು ಕೊರೆತಕ್ಕಿಂತ ಕೊಂಚವೇ ಕೆಳಗಿರುತ್ತವೆ. ತಳ ತೂರಿ ದಪ್ಪ ಕಲ್ಲನ್ನೇ ಮೇಲುಳಿಸುವುದರಿಂದ ಮೀನುಗಳೇ ಆ ಕೊರೆತವನ್ನು ತಗ್ಗಿಸುತ್ತವೆ ಎಂದೂ ಅದು ವಾದಿಸಿತು. ಅಗೆದ ತಳ ಸಡಿಲವಾಗಿರುತ್ತದೆ, ಆದ್ದರಿಂದ ಬೇಗ ಕದಲುತ್ತದೆ ಎನ್ನುವವರೂ ಇದ್ದಾರೆ. ಎರಡೂ ನಿಜವಿರಬಹುದು. ಹೊಳೆಗಳೆಲ್ಲ ಒಂದೇ ಅಲ್ಲವಲ್ಲ.

ಒಂದು ಮೀನಿನ ಅಗೆತ ಲೆಕ್ಕಕ್ಕಿಲ್ಲ ಅನ್ನಿಸಬಹುದು, ಆದರೆ ಸಾವಿರಾರು ಮೀನುಗಳು ಒಟ್ಟಿಗೆ ಬರುತ್ತವೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಸಾಕೈ ಸಾಲ್ಮನ್ ಬರುವ ಬೆಟ್ಟದ ತೊರೆಗಳ ಬಗ್ಗೆ 2008ರಲ್ಲಿ ಪ್ರಕಟವಾದ ಫಲಿತಾಂಶ ಭೂವಿಜ್ಞಾನಿಗಳನ್ನೂ ಹುಬ್ಬೇರಿಸುವಂತೆ ಮಾಡಿತು: ವರ್ಷದಲ್ಲಿ ತಳದಲ್ಲಿ ಉರುಳಿ ಸಾಗುವ ಕಲ್ಲು ಮರಳಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟನ್ನು ಸಾಗಿಸಿದ್ದು ಮೀನು! ಉಳಿದದ್ದು ಹಿಮ ಕರಗಿದ ನೆರೆಯ ಪಾಲು.

ಮನುಷ್ಯ ಈ ಲೆಕ್ಕವನ್ನು ಎರಡೂ ಕಡೆಯಿಂದ ಕೆಡಿಸಿದ್ದಾನೆ. ಅಮೆರಿಕದ ಐಡಾಹೊ ರಾಜ್ಯದ ಸೌತ್ ಫೋರ್ಕ್ ಸಾಲ್ಮನ್ ನದಿಯ ಕಣಿವೆ ಕಡಿದಾದದ್ದು, ಅಲ್ಲಿನ ಗ್ರಾನೈಟ್ ಶಿಥಿಲವಾಗಿ ಮರಳಾಗಿ ಉದುರುವಂಥದ್ದು. ಮರ ಸಾಗಿಸಲು ಅಲ್ಲಿ ರಸ್ತೆ ಕಡಿದರು. 1960ರ ದಶಕದ ನಡುವಿನ ಬಿರುಮಳೆಗಳಿಗೆ ರಸ್ತೆಗಳು ಜರಿದು, ಚಿನೂಕ್ ಸಾಲ್ಮನ್ ಮೊಟ್ಟೆಯಿಡುವ ತಾಣಗಳು ಮರಳಿನಡಿ ಹೋದವು. ಕೊನೆಗೆ ಅಲ್ಲಿ ಮರ ಕಡಿಯುವುದನ್ನೇ ನಿಲ್ಲಿಸಬೇಕಾಯಿತು.

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿಯದು ಇದಕ್ಕೆ ಉಲ್ಟಾ. 1945ರಲ್ಲಿ ಮುಗಿದ ಶಾಸ್ತಾ ಅಣೆಕಟ್ಟು ಮೇಲಿನ ಕಲ್ಲನ್ನೆಲ್ಲ ತಡೆಯಿತು. ಹೊರೆಯಿಲ್ಲದೆ ಕೆಳಗಿಳಿದ ನೀರು ಇದ್ದ ಸಣ್ಣ ಕಲ್ಲನ್ನೂ ಒಯ್ದಿತು, ಮೀನು ಕದಲಿಸಲಾರದ ಗುಂಡುಕಲ್ಲುಗಳು ಉಳಿದವು. ಮೀನುಗಳೂ ಶಾಸ್ತಾದ ಕೆಳಗಿನ ಕೆಸ್ವಿಕ್ ಅಣೆಕಟ್ಟು ದಾಟಿ ಮೇಲೆ ಹೋಗಲಾರವು. ಆದ್ದರಿಂದ ಕೆಸ್ವಿಕ್‌ನ ಕೆಳಗೆ ಹೊರಗಿನಿಂದ ಕಲ್ಲು ತಂದು ಹೊಳೆಗೆ ಸುರಿಯುತ್ತಾರೆ. ಕ್ರಷರಿನ ಚೂಪು ಜಲ್ಲಿ ಅಲ್ಲ, ತೊಳೆದು ಜರಡಿ ಹಿಡಿದ ಉರುಟು ಹೊಳೆಗಲ್ಲು. ಅಣೆಕಟ್ಟಿನಿಂದ ದೊಡ್ಡ ನೀರು ಬಿಟ್ಟಾಗ ಆ ರಾಶಿ ಕರಗಿ ಕೆಳಗೆ ಹರಡಿಕೊಳ್ಳುತ್ತದೆ. ಮೇಲಿನಿಂದ ಹೊಸ ಕಲ್ಲು ಬರುವುದಿಲ್ಲವಾದ್ದರಿಂದ ಮತ್ತೆ ಲಾರಿ ಬರಬೇಕು.