ಜೆನೆರಿಕ್ ಅರೇ ಮೆಥಡ್: ಜಾವಾದಲ್ಲಿ 'ಟಿ' ತರುವ ತಕರಾರು

ಶಿರಸಿಯ ಅಡಿಕೆ ವ್ಯಾಪಾರಕ್ಕೆ ಜಾವಾದಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೀರಿ ಅಂದುಕೊಳ್ಳಿ. 'ಅಡಿಕೆ' ಒಂದು ಕ್ಲಾಸ್, ಅಂದರೆ ಒಂದು ಬಗೆ, ಅದರ ಕೆಳಗೆ ಒಳಬಗೆಗಳಾದ 'ಚಾಲಿ', 'ರಾಶಿ', 'ಬೆಟ್ಟೆ'. ಅರೇಯ (ಒಂದೇ ಬಗೆಯ ಐಟಂಗಳ ಸಾಲು) ಕೊನೆಗೆ ಇನ್ನೊಂದು ಐಟಂ ಸೇರಿಸಿ ಹೊಸ ಅರೇ ಕೊಡುವ ಮೆಥಡ್ (ಒಂದು ಕೆಲಸ ಮಾಡುವ ಕೋಡ್ ತುಣುಕು) ಬೇಕು. ಬಗೆಗೊಂದು ಮೆಥಡ್ ಬರೆಯುವ ಬದಲು ಬಗೆಯ ಜಾಗದಲ್ಲಿ 'ಟಿ' ಅಂತ ಬರೆದುಬಿಟ್ಟರೆ ಅದೇ ಜೆನೆರಿಕ್ ಮೆಥಡ್. ಬಿಸಿಲಲ್ಲಿ ಒಣಗಿಸಿದ ಬಿಳಿ ಚಾಲಿಗೆ ಬೇಯಿಸಿದ ಕೆಂಪು ರಾಶಿ ಬೆರೆಸಿದರೆ ಯಾರೂ ಒಪ್ಪುವುದಿಲ್ಲ, ಅಲ್ವಾ? ಅಂಥ ಬೆರಕೆಯನ್ನು ಪ್ರೋಗ್ರಾಂ ಓಡುವ ಮೊದಲೇ ಕಂಪೈಲರ್ (ಕೋಡನ್ನು ಪರೀಕ್ಷಿಸಿ ಓಡಬಲ್ಲ ರೂಪಕ್ಕೆ ತರುವ ಸಾಧನ) ಹಿಡಿದರೆ ಅದು ಟೈಪ್-ಸೇಫ್.

ಇದ್ದ ಅರೇಯಲ್ಲೇ ಅದಲುಬದಲು ಮಾಡುವುದು ಸಲೀಸು. ಹೊಸ ಅರೇ ಬೇಕೆಂದಾಗಲೇ ಕಿರಿಕಿರಿ. 'ನ್ಯೂ' ಬಳಸಿ ಟಿ ಅರೇ ಮಾಡಲು ಕಂಪೈಲರ್ ಬಿಡುವುದೇ ಇಲ್ಲ. ಅರೇಗೆ ತಾನು ಯಾವ ಬಗೆಯದ್ದು ಅನ್ನುವುದು ಓಡುವಾಗಲೂ ನೆನಪಿರುತ್ತದೆ. 2004ರಲ್ಲಿ ಜಾವಾ 5ರ ಜೊತೆ ಬಂದ ಜೆನೆರಿಕ್ಸ್ ಹಾಗಲ್ಲ. ಹಳೆಯ ಕೋಡ್ ಜೊತೆ ಹೊಂದಿಕೊಳ್ಳಲು ಕಂಪೈಲ್ ಆಗುವಾಗಲೇ ಟಿ ಅಳಿಸಿಹೋಗುತ್ತದೆ. ಇದಕ್ಕೆ ಟೈಪ್ ಇರೇಷರ್ ಎನ್ನುತ್ತಾರೆ. ಓಡುವಾಗ ಟಿ ಯಾವುದೆಂದೇ ಗೊತ್ತಿಲ್ಲದಿದ್ದರೆ ಅರೇ ಮಾಡುವುದು ಹೇಗೆ?

ಸುಮಾರು ಜನ ಆಬ್ಜೆಕ್ಟ್ (ಎಲ್ಲ ಕ್ಲಾಸ್‌ಗಳ ಮೂಲ ಬಗೆ) ಅರೇ ಮಾಡಿ ಟಿ ಅರೇಗೆ ಕ್ಯಾಸ್ಟ್ ಮಾಡುತ್ತಾರೆ, ಅಂದರೆ 'ಇದು ಟಿ ಅರೇ' ಎಂದು ಕಂಪೈಲರ್‌ಗೆ ಹೇಳಿಬಿಡುತ್ತಾರೆ. ಕಂಪೈಲರ್ ಸುಮ್ನೆ ಒಂದು ವಾರ್ನಿಂಗ್ ಕೊಟ್ಟು ಬಿಡುತ್ತದೆ. ಟಿಗೆ ಮಿತಿ (ಅಡಿಕೆಯ ಬಗೆಯೇ ಆಗಿರಬೇಕು ಎಂಬಂಥದ್ದು) ಹಾಕಿರದಿದ್ದರೆ ಮೆಥಡ್ ಒಳಗೂ ಏನೂ ಆಗುವುದಿಲ್ಲ. ಅದನ್ನು ಕರೆದವರು ಫಲಿತಾಂಶವನ್ನು ಚಾಲಿ ಅರೇಯಲ್ಲಿ ಇಟ್ಟುಕೊಳ್ಳಲು ಹೋದಾಗ ಕ್ಲಾಸ್‌ಕ್ಯಾಸ್ಟ್‌ಎಕ್ಸೆಪ್ಶನ್ (ಬಗೆ ಹೊಂದದೆ ಓಡುವಾಗ ಬರುವ ತಪ್ಪು), ಅದೂ ಅವರ ಕೋಡಿನ ಸಾಲಿನಲ್ಲಿ! ಜಾವಾದ ಅರೇಲಿಸ್ಟ್ (ಬೆಳೆಯಬಲ್ಲ ಪಟ್ಟಿ) ಕೂಡ ಒಳಗೆ ಆಬ್ಜೆಕ್ಟ್ ಅರೇಯನ್ನೇ ಇಟ್ಟುಕೊಂಡಿದೆ. ಆದರೆ ಅದನ್ನು ಹೊರಗೆ ಕೊಡುವುದಿಲ್ಲ, ಹಾಗಾಗಿ ಬಚಾವು.

ಸರಿಯಾದ ದಾರಿ ಎಂದರೆ ಬಗೆಯನ್ನು ಹೊರಗಿನಿಂದ ತರಿಸಿಕೊಳ್ಳುವುದು. 'ಅರೇಸ್.ಕಾಪಿಆಫ್' ಬಳಸಿದರೆ ಕೈಗೆ ಬಂದ ಅರೇಯ ಬಗೆಯದೇ ಹೊಸ ಅರೇ ಸಿಗುತ್ತದೆ. ಜಾಸ್ತಿ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಚಾಲಿ ಅರೇ ಜೊತೆ ಒಂದು ರಾಶಿ ಕೊಟ್ಟು ನೋಡಿ. ಟಿ ಅಂದರೆ ಅಡಿಕೆ ಎಂದು ಕಂಪೈಲರ್ ಊಹಿಸಿ ಒಪ್ಪಿಕೊಳ್ಳುತ್ತದೆ, ಯಾಕೆಂದರೆ ಜಾವಾದಲ್ಲಿ ಚಾಲಿ ಅರೇಯನ್ನು ಅಡಿಕೆ ಅರೇ ಎಂದೂ ಬಳಸಬಹುದು. ಓಡುವಾಗ, ಚಾಲಿ ಅರೇಯಲ್ಲಿ ರಾಶಿ ಇಡಲಾಗದೆ, ಅರೇಸ್ಟೋರ್‌ಎಕ್ಸೆಪ್ಶನ್.

ಅದಕ್ಕೇ ನನಗೆ ಮೆಥಡ್‌ಗೆ ಕ್ಲಾಸ್ ಆಬ್ಜೆಕ್ಟನ್ನೂ (ಓಡುವಾಗಲೂ ಬಗೆಯನ್ನು ತಿಳಿಸುವ ವಸ್ತು) ಕೊಟ್ಟು, ಓಡುವಾಗಲೇ ಬಗೆಗಳನ್ನು ನೋಡಿ ಬಳಸುವ ಸೌಲಭ್ಯವಾದ ರಿಫ್ಲೆಕ್ಷನ್‌ನ 'ಅರೇ.ನ್ಯೂಇನ್‌ಸ್ಟನ್ಸ್'ನಿಂದ ಅರೇ ಮಾಡುವುದೇ ಇಷ್ಟ. ಚಾಲಿಯ ಕ್ಲಾಸ್ ಕೊಟ್ಟ ಮೇಲೆ ಟಿ ಅಂದರೆ ಚಾಲಿ ಮಾತ್ರ. ರಾಶಿ ಸೇರಿಸಲು ಹೋದರೆ ಕಂಪೈಲರ್ ಅಲ್ಲೇ ತಡೆಯುತ್ತದೆ. ಒಂದು ಕ್ಯಾಸ್ಟ್ ಇದರಲ್ಲೂ ಬರೆಯಬೇಕು, ಆದರೆ ಅದು ನಿಜವಾದ ಬಗೆಗೇ ಆಗುವುದರಿಂದ ಅಪಾಯವಿಲ್ಲ.