ಬಿಗಿದ ಬೋಲ್ಟ್ ತಾನಾಗಿ ಸಡಿಲಾಗೋದು ಯಾಕೆ?

ಬೆಳಗಾವಿಯ ಉದ್ಯಮಬಾಗ್ ಕಡೆಯವರಿಗೆ ಎರಕ ಅಂದ್ರೆ ಬೀಡು ಕಬ್ಬಿಣ. ಮೊನ್ನೆ ಅಲ್ಲಿನ ಒಂದು ವರ್ಕ್‌ಶಾಪ್‌ನಲ್ಲಿ ಹಳೇ ಎಂಜಿನ್ನಿನ ಕೇಸಿಂಗ್ ಎತ್ತಿದೆ. ಬೀಡಿನ ಅಂದಾಜಲ್ಲಿ ಜೋರು ಹಾಕಿದ್ದೆ, ಹಿಂದಕ್ಕೆ ವಾಲಿಬಿಟ್ಟೆ. ಅಷ್ಟು ಹಗುರ! ಅದು ಮೆಗ್ನೀಸಿಯಂ. ಬೋಲ್ಟ್ ಕೂತಿದ್ದ ಕಡೆ ವಾಷರಿನ ಅಚ್ಚು, ಉಗುರು ಸಿಕ್ಕುವಷ್ಟು ತಗ್ಗು. ‘ಎಷ್ಟ್ ಬಿಗಿ ಮಾಡಿದ್ರೂ ಸಡಿಲ ಆಗತೈತ್ರಿ’ ಅಂದರು ಮಿಸ್ತ್ರಿ.

ಇದಕ್ಕೆ ಕ್ರೀಪ್ ಅಂತಾರೆ. ಪುಸ್ತಕದ ಭಾರಕ್ಕೆ ಹಲಗೆ ವರ್ಷಗಟ್ಟಲೆ ಬಾಗುತ್ತಲ್ವಾ, ಹಾಗೇ. ಬಿಸಿಯಾದರೆ ಲೋಹವೂ ಬಾಗುತ್ತದೆ.

ತಪ್ಪು ಯಾರದು? ಜಾಸ್ತಿ ಬಳಕೆಯಲ್ಲಿರುವ ಎಜಡ್ 91 ಎಂಬ ಮೆಗ್ನೀಸಿಯಂ ಮಿಶ್ರಲೋಹದಲ್ಲಿ ಸುಮಾರು 9% ಅಲ್ಯೂಮಿನಿಯಂ, 1% ಸತು. ಅಲ್ಯೂಮಿನಿಯಂ ಇದ್ದರೆ ಕರಗಿದ ಲೋಹ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಆರಿದ ಮೇಲೆ ಅದೇ ಅಲ್ಯೂಮಿನಿಯಂ ಹರಳುಗಳ ಸಂದಿಯಲ್ಲಿ ಮೆಗ್ನೀಸಿಯಂ ಜತೆ ಸೇರಿ ಬೇರೆಯೇ ಪದಾರ್ಥವಾಗಿ ಕೂರುತ್ತದೆ. 120 ಡಿಗ್ರಿ ದಾಟುತ್ತಿದ್ದಂತೆ ಅದು ಮೆತ್ತಗಾಗುತ್ತದೆ. ಎಂಜಿನ್ನಿನಲ್ಲಿ 150 ಡಿಗ್ರಿ ಏನೂ ದೊಡ್ಡದಲ್ಲ. ಎರಕದವನ ಗೆಳೆಯನೇ ಬೋಲ್ಟಿನ ಶತ್ರು.

ವಿಮಾನದವರು ಹಿಂದೆ ಥೋರಿಯಂ ಬೆರೆಸಿ ಬಿಸಿ ತಡೆದರು. ಆದರೆ ಅದು ವಿಕಿರಣ ಸೂಸುತ್ತದೆ, ಹಾಗಾಗಿ ಕೈಬಿಟ್ಟರು. ಕಾರಿನವರ ಪೈಕಿ ಮೊದಲು ತಲೆ ಕೆಡಿಸಿಕೊಂಡದ್ದು ಫೋಕ್ಸ್‌ವ್ಯಾಗನ್. ಅವರ ಬೀಟಲ್‌ನ ಗಾಳಿಯಿಂದ ತಣಿಯುವ ಎಂಜಿನ್ನಿಗೆ ಮೆಗ್ನೀಸಿಯಂ ಎರಕವೇ ಬೇಕಿತ್ತು. ಎಂಜಿನ್ನಿನ ಶಕ್ತಿ ಹೆಚ್ಚಿದಂತೆ ಬಿಸಿಯೂ ಹೆಚ್ಚಿತು. 1970ರ ದಶಕದಲ್ಲಿ ಅಲ್ಯೂಮಿನಿಯಂ ಇಳಿಸಿ ಸಿಲಿಕಾನ್ ಬೆರೆಸಿದರು. ಹುಟ್ಟಿದ ಮೆಗ್ನೀಸಿಯಂ ಸಿಲಿಸೈಡ್ 1085 ಡಿಗ್ರಿವರೆಗೆ ಕರಗುವುದಿಲ್ಲ. ಅಲ್ಯೂಮಿನಿಯಂ ಕಮ್ಮಿಯಾದ್ದರಿಂದ ಎರಕ ಮಾತ್ರ ಕಷ್ಟವಾಯಿತು. ಆಮೇಲೆ ವಿರಳ ಭಸ್ಮ (ರೇರ್ ಅರ್ತ್) ಲೋಹ ಬೆರೆಸಿ ನೋಡಿದರು. ಕೆಲಸ ಆಯಿತು, ಜೇಬಿಗೆ ಕತ್ತರಿಯೂ ಬಿತ್ತು.

ನನಗೆ ಇಷ್ಟವಾದದ್ದು 2004ರ ಬಿಎಂಡಬ್ಲ್ಯೂ ಉಪಾಯ. ಆರು ಸಿಲಿಂಡರಿನ ಎಂಜಿನ್ ಬ್ಲಾಕಿನ ಒಳಗೆ ಸಿಲಿಂಡರ್ ಮತ್ತು ತಣ್ಣೀರಿನ ದಾರಿಗೆ ಅಲ್ಯೂಮಿನಿಯಂ, ಹೊರಗೆ ಸ್ಟ್ರಾನ್ಷಿಯಂ ಬೆರೆಸಿದ ಮೆಗ್ನೀಸಿಯಂ. ಬೋಲ್ಟನ್ನೂ ಬದಲಿಸಿದರು. ಬಿಸಿಗೆ ಮೆಗ್ನೀಸಿಯಂ ಉಕ್ಕಿಗಿಂತ ಎರಡು ಪಟ್ಟು ಹಿಗ್ಗುತ್ತದೆ. ಉಕ್ಕಿನ ಬೋಲ್ಟ್ ಅಷ್ಟು ಹಿಗ್ಗಲ್ಲ, ಹಾಗಾಗಿ ಕೆಳಗಿನ ಮೆತ್ತನೆ ಲೋಹವನ್ನು ಇನ್ನೂ ಒತ್ತುತ್ತದೆ, ತಗ್ಗು ಬೀಳುತ್ತದೆ. ತಣ್ಣಗಾದಾಗ ಬೋಲ್ಟ್ ಸಡಿಲ. ಅಲ್ಯೂಮಿನಿಯಂ ಬೋಲ್ಟಾದರೆ ಹೆಚ್ಚುಕಮ್ಮಿ ಮೆಗ್ನೀಸಿಯಂ ಜತೆಗೇ ಹಿಗ್ಗುತ್ತದೆ.

ಮಿಸ್ತ್ರಿಯ ಟ್ರೇಯಲ್ಲಿದ್ದ ಎಂಟೂ ಉಕ್ಕಿನವು.